ಮೊದಲ ನೀರು

ಇಗರ್ಜಿಯ ಹಿಂದಿನ ಒಗೆಯುವ ಕೋಣೆಯಲ್ಲಿ ಒಂದು ನಿಯಮವಿತ್ತು. ಬಲಿಪೀಠದ ಮೇಲೆ ಹಾಸುವ ಬಟ್ಟೆ, ಪೂಜಾಪಾತ್ರೆ ಒರೆಸುವ ಬಟ್ಟೆ, ಇವನ್ನು ನೆನೆಹಾಕಿದ ಮೊದಲ ನೀರನ್ನು ಚರಂಡಿಗೆ ಚೆಲ್ಲುವಂತಿಲ್ಲ. ಎಳೆಗಳ ನಡುವೆ ಪರಮಪ್ರಸಾದದ ರೊಟ್ಟಿಯ ಒಂದು ಪುಡಿಯೋ ದ್ರಾಕ್ಷಾರಸದ ಒಂದು ಹನಿಯೋ ಉಳಿದಿದ್ದೀತು. ಅದಕ್ಕೇ ಆ ನೀರು ಮಣ್ಣಿಗೆ ಹೋಗಬೇಕು. ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿಕೊಂಡು ಒಂದು ಗುಲಾಬಿ ಗಿಡ ಇತ್ತು. ಇಪ್ಪತ್ತೆರಡು ವರ್ಷಗಳಿಂದ ಮೊದಲ ನೀರೆಲ್ಲ ಅದರ ಬುಡಕ್ಕೇ. ಅಷ್ಟು ಕುಡಿದೂ ಅದು ವರ್ಷಕ್ಕೆ ನಾಲ್ಕು ಹೂವಿನ ಮೇಲೆ ಐದನೆಯದು ಬಿಟ್ಟಿದ್ದಿಲ್ಲ. "ನಮ್ಮ ಸಭೆಯವರ ಹಾಗೇನೇ ಇದು. ಪ್ರಸಾದ ತಪ್ಪಿಸೋದಿಲ್ಲ, ಫಲ ಮಾತ್ರ ಕೇಳಬಾರದು" ಎಂದು ಗುರುಗಳು ನಗುತ್ತಿದ್ದರು.

ಆ ಕೋಣೆಯ ಒಡತಿಯನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷಕ್ಕೆ ಕೆಲಸಕ್ಕೆ ಸೇರಿದವಳು. ಕಲೆ ನೋಡಿದರೆ ಸಾಕು, ಯಾವುದರದು, ಎಷ್ಟು ದಿನದ್ದು ಎಂದು ಹೇಳುತ್ತಿದ್ದಳು. ಮೇಣ ಬಿದ್ದರೆ ಮೊದಲು ಕೆರೆಯಬೇಕು, ಆಮೇಲೆ ಕಾಗದ ಇಟ್ಟು ಇಸ್ತ್ರಿ ಒತ್ತಬೇಕು. ದ್ರಾಕ್ಷಾರಸಕ್ಕೆ ತಡ ಮಾಡಬಾರದು. ರಕ್ತಕ್ಕೆ ತಣ್ಣೀರು, ಬಿಸಿನೀರು ಹಾಕಿದರೆ ಕಲೆ ಬಟ್ಟೆಯನ್ನೇ ಮನೆ ಮಾಡಿಕೊಂಡುಬಿಡುತ್ತದೆ. ಅವಳ ಕೈಗೆ ಬಂದ ಯಾವ ಬಟ್ಟೆಯೂ ಬಂದ ಹಾಗೆ ವಾಪಸು ಹೋದದ್ದಿಲ್ಲ. ಅವಳಿಗೆ ಇದ್ದ ಹೆಮ್ಮೆ ಅದೊಂದೇ.

ಕೈ ಸುಮ್ಮನಿದ್ದರೆ ಅವಳಿಗೆ ಆಗಿಬರುತ್ತಿರಲಿಲ್ಲ. ಇಗರ್ಜಿಯ ಗೋಡೆಯ ಮೇಲೆ ಸ್ವಾಮಿಯ ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳಿದ್ದವು. ಅವುಗಳ ಧೂಳು ಒರೆಸುವಾಗ ಹನ್ನೆರಡನೆಯದರ ಮುಂದೆ ಮಾತ್ರ ಅವಳಿಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಮಗ ಮೇಲೆ ಮೊಳೆಯಲ್ಲಿ ನೇತಾಡುತ್ತಿದ್ದಾನೆ, ಕೆಳಗೆ ತಾಯಿ ಸುಮ್ಮನೆ ನಿಂತಿದ್ದಾಳೆ. ಒಂದು ಒದ್ದೆ ಬಟ್ಟೆಯಾದರೂ ಹಿಡಿದು ಕಾಲು ಒರೆಸಬಾರದೇ ಎಂದು ಇಸ್ತ್ರಿಯಕ್ಕನಿಗೆ ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೆ ಎದೆ ಮುಟ್ಟಿ ಕ್ಷಮೆ ಕೇಳಿ ಹದಿಮೂರನೆಯದಕ್ಕೆ ಹೋಗುತ್ತಿದ್ದಳು.

ನಲವತ್ತೊಂದು ತುಂಬಿದ ಮೇಲೆ ಅವಳಿಗೆ ಮದುವೆಯಾಯಿತು. ಒಗೆಯುವ ಕೋಣೆಯ ನಲ್ಲಿ ಸೋರುತ್ತಿತ್ತು. ರಿಪೇರಿಗೆ ಬಂದ ನಲ್ಲಿಯವನು ಅದನ್ನು ಒಂದೇ ತಿಂಗಳಲ್ಲಿ ಮೂರು ಸಲ ರಿಪೇರಿ ಮಾಡಿದ. ಮೂರನೆಯ ಸಲ ಗುರುಗಳೇ ಕೇಳಿದರು: "ಏನಪ್ಪಾ, ನಲ್ಲಿ ಕೆಟ್ಟಿದೆಯೋ, ನೀನು ಕೆಡಿಸ್ತಾ ಇದೀಯೋ?" ಅವನು ಕಿವಿಯವರೆಗೂ ಕೆಂಪಾದ. ಅವನ ಮೊದಲ ಹೆಂಡತಿ ಎದೆಯ ಕಾಯಿಲೆಯಿಂದ ತೀರಿಹೋಗಿ ಎರಡು ವರ್ಷವಾಗಿತ್ತು. ಎಂಟು ವರ್ಷದ ಒಬ್ಬಳೇ ಮಗಳು. ಅವಳನ್ನು ಅವನು ನಟ್ಟು ಎಂದು ಕರೆಯುತ್ತಿದ್ದ. ನಟ್ಟು ಇಲ್ಲದೆ ಯಾವ ಪೈಪೂ ನಿಲ್ಲುವುದಿಲ್ಲ ಎಂಬುದು ಅವನ ಲೆಕ್ಕ.

ಮದುವೆಯ ದಿನ ಸತ್ತವಳ ತಾಯಿ, ನಟ್ಟುವಿನ ಅಜ್ಜಿ, ರೈಲಿನಲ್ಲಿ ಒಂದು ದಿನದ ದಾರಿ ಬಂದಿದ್ದಳು. ಇಸ್ತ್ರಿಯಕ್ಕನನ್ನು ಪಕ್ಕಕ್ಕೆ ಕರೆದು, ಧ್ವನಿ ಏರಿಸದೆ ಹೇಳಿದಳು.

"ನೋಡಮ್ಮ, ನಿನ್ನ ಮೇಲೆ ನನಗೇನೂ ಕೋಪ ಇಲ್ಲ. ಅಳಿಯಂದ್ರು ಒಂಟಿಯಾಗಿ ಇರ್ಬೇಕು ಅಂತ ನಾನು ಹೇಳೋಳಲ್ಲ. ಆದ್ರೆ ಮಗು ನನ್ನ ಮಗಳದ್ದು. ಆರು ತಿಂಗಳು ನೋಡ್ತೀನಿ. ಸೊರಗಿದ್ಳು ಅಂತ ಕಂಡ್ರೆ ಕರ್ಕೊಂಡು ಹೋಗ್ತೀನಿ. ಅಳಿಯಂದ್ರೂ ಒಪ್ಪಿದಾರೆ."

"ಆಗ್ಲಿ ಅಮ್ಮ," ಎಂದಳು ಇಸ್ತ್ರಿಯಕ್ಕ.

ತಾಯಿತನ ಎಂದರೆ ಅವಳು ತನಗೆ ಗೊತ್ತಿದ್ದ ಕೆಲಸದ ಹಾಗೆಯೇ ಅಂದುಕೊಂಡಳು. ಶಾಲೆಯ ಸಾಕ್ಸು ಹಾಲಿನಂತೆ ಬೆಳ್ಳಗಾದವು. ಜಡೆಯ ರಿಬ್ಬನ್ನಿಗೂ ಇಸ್ತ್ರಿ ಬಿತ್ತು. ನಟ್ಟು ಯಾವುದಕ್ಕೂ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಊರವರ ಹಾಗೆ ಇಸ್ತ್ರಿಯಕ್ಕ ಎಂದೇ ಕರೆದಳು, ನೀವು ಎಂದೇ ಮಾತಾಡಿಸಿದಳು. ಆದರೆ ಶಾಲೆ ಬಿಟ್ಟ ಮೇಲೆ ನೇರವಾಗಿ ಒಗೆಯುವ ಕೋಣೆಗೆ ಬಂದು, ಮಗುಚಿಟ್ಟ ಬಕೆಟಿನ ಮೇಲೆ ಕೂತು ನೋಡುತ್ತಿದ್ದಳು. ಪ್ರಶ್ನೆ ಕೇಳುತ್ತಿದ್ದಳು. ಎಲ್ಲದಕ್ಕೂ ಸರಿಯಾದ ಉತ್ತರ ಬೇಕು. ಅದಕ್ಕೆ ಕಾರಣವಿತ್ತು. ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಮಣ್ಣು ಮಾಡಿ ಬಂದಿದ್ದರು. ಅಮ್ಮ ಹುಷಾರಾಗೋಕೆ ದೂರ ಹೋಗಿದಾಳೆ, ನಿನ್ನ ಹುಟ್ಟಿದಹಬ್ಬಕ್ಕೆ ಬರ್ತಾಳೆ ಎಂದು ಅಜ್ಜಿ ಹೇಳಿದ್ದಳು. ಹುಟ್ಟಿದಹಬ್ಬ ಬಂತು, ಹೋಯಿತು. ಅಂದಿನಿಂದ ಮಗು ಯಾರು ಏನು ಹೇಳಿದರೂ ಎರಡು ಸಲ ಕೇಳುತ್ತಿತ್ತು.

"ಈ ನೀರು ಯಾಕೆ ಗಿಡಕ್ಕೆ?"

"ದೇವರದ್ದು ಏನಾದ್ರೂ ಉಳಿದಿದ್ರೆ ಚರಂಡಿಗೆ ಹೋಗಬಾರದು ಅಂತ."

"ಎರಡನೇ ನೀರು?"

"ಅದು ಚರಂಡಿಗೆ. ಎರಡನೇದ್ರಲ್ಲಿ ಬರೀ ಸೋಪು."

"ನಿಜವಾಗ್ಲೂನಾ?"

"ನಿಜವಾಗ್ಲೂ."

ಐದನೆಯ ತಿಂಗಳಲ್ಲಿ ಒಂದು ಶುಕ್ರವಾರ, ಮಗು ಶಾಲೆಗೆ ಹೋದ ಮೇಲೆ, ಇಸ್ತ್ರಿಯಕ್ಕ ನಟ್ಟುವಿನ ಹಾಸಿಗೆಯ ಹೊದಿಕೆ ಬದಲಿಸಲು ಹಾಸಿಗೆ ಎತ್ತಿದಳು. ಗೋಡೆಗೂ ಹಾಸಿಗೆಗೂ ನಡುವೆ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಬೂದು ಬಣ್ಣದ ಉಣ್ಣೆಯ ಸ್ವೆಟರು. ತೋಳಿನ ಅಂಚು ಕಪ್ಪಿಟ್ಟಿತ್ತು, ಕತ್ತಿನ ಪಟ್ಟಿ ಎಣ್ಣೆಗಟ್ಟಿತ್ತು, ಎದೆಯ ಮೇಲೆ ಕೆಮ್ಮಿನ ಔಷಧಿ ಚೆಲ್ಲಿದ ಕಂದು ಕಲೆ. ಎರಡು ಗುಂಡಿ ಹೋಗಿದ್ದವು. ಗೋಡೆಯ ಫೋಟೋದಲ್ಲಿ ಸತ್ತವಳು ಹಾಕಿಕೊಂಡಿದ್ದ ಸ್ವೆಟರು ಅದೇ ಎಂದು ಕಂಡ ಕೂಡಲೇ ಗೊತ್ತಾಯಿತು.

ಮಗು ತಾಯಿಯ ವಸ್ತುವನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಳ್ಳಬೇಕೇ? ಅದೂ ಇಷ್ಟು ಕೊಳೆಯಾಗಿ? ನಾನು ಇರುವಾಗ?

ಅವಳು ಅದನ್ನು ಇಗರ್ಜಿಯ ಕೋಣೆಗೆ ಒಯ್ದಳು. ಬಲಿಪೀಠದ ಬಟ್ಟೆಯನ್ನೂ ಅಷ್ಟು ಜೋಪಾನವಾಗಿ ಒಗೆದಿರಲಿಕ್ಕಿಲ್ಲ. ಉಗುರುಬೆಚ್ಚಗಿನ ನೀರು, ಚಿಟಿಕೆ ಸೋಪಿನ ಪುಡಿ. ಉಣ್ಣೆಯನ್ನು ಹಿಂಡಬಾರದು, ಅದಕ್ಕೆ ಟವೆಲಿನಲ್ಲಿ ಸುತ್ತಿ ಅಂಗೈಯಲ್ಲಿ ಒತ್ತಿದಳು. ಕಲೆಗೆ ವಿನೆಗರ್ ಹನಿಸಿ ಬೆರಳ ತುದಿಯಲ್ಲಿ ತಟ್ಟಿ ತಟ್ಟಿ ತೆಗೆದಳು. ನೀರು ನಾಲ್ಕು ಸಲ ಬದಲಾಯಿತು. ಮೊದಲನೆಯದು ಟೀ ಕಷಾಯದ ಹಾಗೆ ಬಂತು, ಅದನ್ನು ನೋಡಿ ಅವಳಿಗೆ ತೃಪ್ತಿಯಾಯಿತು. ನಾಲ್ಕನ್ನೂ ಚರಂಡಿಗೆ ಸುರಿದಳು. ನೆರಳಿನಲ್ಲಿ ಮೇಜಿನ ಮೇಲೆ ಹರಡಿ ಒಣಗಿಸಿ, ಗುಂಡಿಗಳ ಡಬ್ಬಿಯಲ್ಲಿ ಅದೇ ಬಣ್ಣದ ಎರಡು ಹುಡುಕಿ ಹೊಲಿದಳು. ಸಾಯಂಕಾಲದೊಳಗೆ ತುಸು ತೇವ ಉಳಿದಿದ್ದರೂ ಸ್ವೆಟರು ಅಂಗಡಿಯಿಂದ ತಂದ ಹಾಗಾಗಿತ್ತು. ನಾಲ್ಕು ಮಡಿಕೆ ಮಾಡಿ ಮಗುವಿನ ದಿಂಬಿನ ಮೇಲೆ ಇಟ್ಟಳು. ಆ ಐದು ತಿಂಗಳಲ್ಲಿ ಮೊದಲ ಬಾರಿಗೆ ತಾನೂ ಒಬ್ಬ ತಾಯಿ ಎಂದು ಅವಳಿಗೆ ಅನಿಸಿದ್ದು ಆಗಲೇ.

ಒಗೆಯುವ ಕೋಣೆ ಮುಚ್ಚಿದ್ದರಿಂದ ನಟ್ಟು ನೇರ ಮನೆಗೆ ಬಂದು ನೋಡಿದಳು. ಶಾಲೆಯ ಚೀಲ ಕೆಳಗಿಟ್ಟಳು. ಸ್ವೆಟರನ್ನು ಎರಡೂ ಕೈಯಲ್ಲಿ ಎತ್ತಿ ಮುಖ ಅದರೊಳಗೆ ಹುದುಗಿಸಿದಳು. ಬಹಳ ಹೊತ್ತು ಹಾಗೇ ನಿಂತಳು. ಬಾಗಿಲಲ್ಲಿ ಇಸ್ತ್ರಿಯಕ್ಕ ನಗುಮುಖದಲ್ಲಿ ಕಾಯುತ್ತಿದ್ದಳು.

"ಚೆನ್ನಾಗಿದೆಯಾ?"

ಮಗು ಮುಖ ಎತ್ತಿತು. ಅಳು ಇರಲಿಲ್ಲ.

"ಇದ್ರಲ್ಲಿ ಅಮ್ಮ ಇಲ್ಲ," ಎಂದಿತು.

ಮಡಿಕೆ ಮೊದಲು ಇದ್ದ ಹಾಗೆಯೇ ಮಾಡಿ ದಿಂಬಿನ ಮೇಲೆ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿತು.

ಇಸ್ತ್ರಿಯಕ್ಕ ಅಡುಗೆಮನೆಗೆ ಬಂದು ತನ್ನ ಕೈಗಳನ್ನು ಮೂಸಿ ನೋಡಿದಳು. ಸೋಪಿನ ವಾಸನೆ. ಇಪ್ಪತ್ತೆರಡು ವರ್ಷದಿಂದ ಅದೇ ವಾಸನೆ. ಕಲೆ ತೆಗೆಯುವುದು, ವಾಸನೆ ತೆಗೆಯುವುದು ಅವಳ ಕೆಲಸ. ಅದನ್ನು ಅವಳು ಒಂದು ಚೂರೂ ಬಿಡದೆ ಮಾಡಿದ್ದಳು.

ಆ ದಿನದಿಂದ ನಟ್ಟು ಅವಳೊಡನೆ ಮಾತು ಬಿಟ್ಟಳು. ಹಟ ಮಾಡಲಿಲ್ಲ, ತಟ್ಟೆ ನೂಕಲಿಲ್ಲ. ಮೂರು ಚಮಚ ತಿಂದು ಎದ್ದುಹೋಗುವಳು. ಒಗೆಯುವ ಕೋಣೆಯಲ್ಲಿ ಬಕೆಟ್ಟು ಖಾಲಿ ಕೂತಿತು. ವಾರದ ಹೊತ್ತಿಗೆ ಮಗುವಿನ ಶಾಲೆಯ ಲಂಗ ಸೊಂಟದಿಂದ ಜಾರತೊಡಗಿತು. ಇಸ್ತ್ರಿಯಕ್ಕ ಅದನ್ನು ಒಂದು ಬೆರಳು ಒಳಗೆ ಹಿಡಿದು ಹೊಲಿದಳು, ನಾಲ್ಕು ದಿನಕ್ಕೆ ಇನ್ನೊಂದು ಬೆರಳು. ಹೊಲಿಯುವಾಗ ಸೂಜಿ ಚುಚ್ಚಿತು. ಅವಳಿಗೆ ಸೂಜಿ ಚುಚ್ಚಿ ಎಷ್ಟು ವರ್ಷವಾಗಿತ್ತೋ.

ಒಂದು ಸಂಜೆ ಗಂಡನನ್ನು ಕೇಳಿದಳು.

"ರೀ, ಅವಳು ತಲೆಗೆ ಯಾವ ಎಣ್ಣೆ ಹಚ್ಕೋತಿದ್ಳು?"

"ಯಾರು?"

"ನಟ್ಟು ಅಮ್ಮ."

ಪೈಪು ತಿರುಗಿಸುವ ಪಾನಾ ಒರೆಸುತ್ತಿದ್ದ ನಲ್ಲಿಯವನ ಕೈ ನಿಂತಿತು. ಯೋಚಿಸಿದ. "ಹಸಿರು ಬಾಟ್ಲಿದು... ಅಲ್ಲ, ಹಸಿರಲ್ಲ." ಮತ್ತೆ ಯೋಚಿಸಿದ. ಆಮೇಲೆ ಅವನ ಮುಖ ಹೇಗಾಯಿತೆಂದರೆ, ಇಸ್ತ್ರಿಯಕ್ಕ ಬೇಗನೆ "ಹೋಗ್ಲಿ ಬಿಡಿ" ಎಂದುಬಿಟ್ಟಳು. ಅವಳ ಮನಸ್ಸಿನಲ್ಲಿ ಇದ್ದದ್ದು ಏನೆಂದರೆ, ಅದೇ ಎಣ್ಣೆ ತಂದು ಕತ್ತಿನ ಪಟ್ಟಿಗೆ ಸವರಿ, ನಾಲ್ಕು ಹನಿ ಕೆಮ್ಮಿನ ಔಷಧಿ ಹಾಕಿ ಇಟ್ಟುಬಿಡುವುದು. ಆ ದಾರಿಯೂ ಮುಚ್ಚಿತು. ಮುಚ್ಚಿದ್ದೇ ಒಳ್ಳೆಯದಾಯಿತು ಎಂದು ಅವಳಿಗೆ ಆಮೇಲೆ ಅನಿಸಿತು, ಆ ಹೊತ್ತಿಗೆ ಅಲ್ಲ.

ಶಾಲೆಯಿಂದ ಚೀಟಿ ಬಂತು: ಮಗು ಆಟದ ಹೊತ್ತಿನಲ್ಲಿ ಕುಸಿದು ಕೂತಿತು. ಅಡಗಿಸಿಡಲು ಮನಸ್ಸು ಬಾರದೆ ನಲ್ಲಿಯವನು ಅಜ್ಜಿಗೆ ಫೋನು ಮಾಡಿದ. ಅತ್ತಲಿಂದ ಬಂದದ್ದು ಒಂದೇ ಮಾತು: ಭಾನುವಾರ ಬರ್ತೀನಿ, ಮಗುವಿನ ಬಟ್ಟೆ ತುಂಬಿಸಿಟ್ಟಿರಿ.

ಶನಿವಾರ ಇಸ್ತ್ರಿಯಕ್ಕ ಪಾಪನಿವೇದನೆಗೆ ಮೊಣಕಾಲೂರಿದಳು. ಎಲ್ಲವನ್ನೂ ಹೇಳಿದಳು, ವಿನೆಗರ್ ಹನಿಸಿದ್ದನ್ನೂ ಬಿಡಲಿಲ್ಲ.

ಜಾಲರಿಯ ಆಚೆ ಗುರುಗಳು ಉಸಿರುಬಿಟ್ಟರು. "ಬಟ್ಟೆ ಒಗೆಯೋದು ಪಾಪ ಅಲ್ಲಮ್ಮ. ಒಳ್ಳೇ ಮನಸ್ಸಿಂದ ಮಾಡಿದೀರಿ."

"ಒಳ್ಳೇ ಮನಸ್ಸಿಂದಾನೇ ಮಾಡ್ದೆ ಗುರುಗಳೇ. ಕೇಳಿ ಮಾಡ್ಲಿಲ್ಲ."

"ಎಂಟು ವರ್ಷದ ಮಗುನ ಏನು ಕೇಳೋದು?"

"ಅವಳದ್ದಲ್ವಾ ಅದು? ನೀವು ಯಾವ ಬಟ್ಟೆ ಕೊಟ್ರೂ ಇದು ಪೀಠದ್ದಾ, ಬರೀ ಟವೆಲಾ ಅಂತ ಕೇಳೇ ನಾನು ನೀರಿಗೆ ಹಾಕೋದು. ಇದನ್ನ ಕೇಳ್ಲಿಲ್ಲ."

ಗುರುಗಳು ಜಾಲರಿಯ ಕಡೆ ಬಾಗಿದರು. ಆಮೇಲೆ, "ಹಾಗಾದ್ರೆ ನಾನು ಕೊಡೋ ಪ್ರಾಯಶ್ಚಿತ್ತದಿಂದ ಇದು ತೀರೋದಿಲ್ಲ. ಯಾರನ್ನ ಕೇಳ್ಲಿಲ್ವೋ ಅವರ ಹತ್ರ ಹೋಗಿ. ದೇವರು ಅಲ್ಲೇ ಸಿಗ್ತಾನೆ ನಿಮಗೆ," ಎಂದರು.

ಅವಳು ಎದ್ದು ಹಿಂದಿನ ಬಾಗಿಲಿಂದ ಒಗೆಯುವ ಕೋಣೆಗೆ ಬಂದಳು. ನಟ್ಟು ಗುಲಾಬಿ ಗಿಡದ ಹತ್ತಿರ ನಿಂತಿದ್ದಳು. ಹದಿನೈದು ದಿನದ ಮೇಲೆ ಅಂದೇ ಬಂದದ್ದು. ನಾಳೆ ಹೋಗಬೇಕೆಂದು ಅವಳಿಗೂ ಗೊತ್ತಿತ್ತು.

ಇಸ್ತ್ರಿಯಕ್ಕ ಮೊಣಕಾಲ ಮೇಲೆ ಕೂತಳು, ಮಗುವಿನ ಮುಖದ ಎತ್ತರಕ್ಕೆ.

"ನಟ್ಟು, ನಿನ್ನ ಕೇಳ್ದೆ ಒಗೆದ್ಬಿಟ್ಟೆ. ತಪ್ಪಾಯ್ತು. ಏನು ಮಾಡಿದ್ರೂ ಅದನ್ನ ಮೊದಲಿನ ಹಾಗೆ ಮಾಡೋಕೆ ನನ್ನಿಂದ ಆಗಲ್ಲ."

ಮಗು ಗಿಡದ ಬುಡವನ್ನೇ ನೋಡುತ್ತಿತ್ತು.

"ಆ ನೀರು ಎಲ್ಲಿ ಚೆಲ್ಲಿದ್ರಿ?"

ಬುಡದ ಮಣ್ಣು ಒದ್ದೆಯಾಗಿತ್ತು, ಪಾಪನಿವೇದನೆಗೆ ಹೋಗುವ ಮುಂಚೆ ಇಸ್ತ್ರಿಯಕ್ಕ ಪೀಠದ ಬಟ್ಟೆಯ ನೀರು ಹಾಕಿದ್ದಳು. ಇಲ್ಲೇ ಕಂದಾ, ಈ ಗಿಡಕ್ಕೇ, ನಿಮ್ಮಮ್ಮ ಇಲ್ಲೇ ಇದಾಳೆ ಎಂದುಬಿಟ್ಟರೆ ಮುಗಿಯಿತು. ಮಗು ಉಳಿಯುತ್ತದೆ, ಉಣ್ಣುತ್ತದೆ, ಹೂವು ಬಿಟ್ಟಾಗೆಲ್ಲ ಬಂದು ಮೂಸುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಳೆ ಬರುವ ಅಜ್ಜಿಯ ಮುಂದೆ ಇನ್ನು ಬೇರೆ ಉಪಾಯವೂ ಇರಲಿಲ್ಲ.

"ಚರಂಡಿಗೆ," ಎಂದಳು.

"ಮೊದಲನೇ ನೀರೂನಾ?"

"ಮೊದಲನೇದೂ."

"ಚರಂಡಿ ಎಲ್ಲಿಗೆ ಹೋಗುತ್ತೆ?"

"ಅದು ನನಗೆ ಗೊತ್ತಿಲ್ಲ. ನಿಮ್ಮಪ್ಪಂಗೆ ಗೊತ್ತಿರುತ್ತೆ."

ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಅಜ್ಜಿ ಬಂದಳು. ಮಗುವಿನ ತೋಳು ಹಿಡಿದು ಅಳೆದ ಹಾಗೆ ನೋಡಿ, ಬಾಗಿಲ ಬಳಿ ಇದ್ದ ಪೆಟ್ಟಿಗೆಯ ಪಕ್ಕದಲ್ಲಿ ಕೂತಳು. ಮೂರು ಗಂಟೆಗೆ ರೈಲು. ನಟ್ಟು ಅಪ್ಪನ ಮುಂದೆ ನಿಂತಳು.

"ಒಗೆಯೋ ಕೋಣೆ ಚರಂಡಿ ಎಲ್ಲಿಗೆ ಹೋಗುತ್ತೋ ತೋರ್ಸು. ಆಮೇಲೆ ಹೋಗ್ತೀನಿ."

ನಲ್ಲಿಯವನಿಗೆ ಅರ್ಥವಾಗಲಿಲ್ಲ, ಹೆಂಡತಿಯ ಮುಖ ನೋಡಿ ಏನೂ ಕೇಳಲಿಲ್ಲ. ನಾಲ್ವರೂ ಹೊರಟರು. ಅವನು ಮುಂದೆ, ಬೀದಿಯ ಕಬ್ಬಿಣದ ಮುಚ್ಚಳಗಳನ್ನು ಬೂಟಿನಲ್ಲಿ ತಟ್ಟಿ ತೋರಿಸುತ್ತ: ಇಲ್ಲಿ ಇಗರ್ಜಿಯದ್ದು ಬಂದು ಸೇರುತ್ತೆ, ಇಲ್ಲಿ ಬ್ರೆಡ್ಡಿನ ಅಂಗಡಿಯದ್ದು, ಇಲ್ಲಿಂದ ದೊಡ್ಡ ಪೈಪು. ಅಜ್ಜಿ ಮಂಡಿ ಹಿಡಿದುಕೊಂಡು ಗೊಣಗುತ್ತ ಹಿಂದೆ. "ಜಗತ್ತಿನಲ್ಲಿ ಮಕ್ಕಳು ಬೊಂಬೆ ಕೇಳ್ತಾವೆ. ಇದು ಚರಂಡಿ ಕೇಳುತ್ತೆ. ಅಪ್ಪನ ಬುದ್ಧಿ." ಹದಿನೇಳು ಮುಚ್ಚಳ ದಾಟಿದರು, ನಟ್ಟು ಒಂದೊಂದನ್ನೂ ಎಣಿಸಿದಳು. ಊರ ಹೊರಗೆ ನೀರು ಶೋಧಿಸುವ ತೊಟ್ಟಿಗಳು, ಅದರಾಚೆ ಹೊಳೆ. ದಡದಲ್ಲಿ ಸಿಮೆಂಟಿನ ಬಾಯಿಯೊಂದರಿಂದ ತಿಳಿನೀರು ಸದ್ದಿಲ್ಲದೆ ಬೀಳುತ್ತಿತ್ತು.

"ಇದೇನಾ?"

"ಇದೇ."

"ಅವತ್ತಿನ ನೀರು ಇದ್ರಲ್ಲಿ ಇದೆಯಾ?"

ದಾರಿಯಲ್ಲಿ ಸ್ವೆಟರಿನ ಕತೆ ಕೇಳಿಕೊಂಡಿದ್ದ ನಲ್ಲಿಯವನು ತಲೆ ಕೆರೆದುಕೊಂಡ. "ಹದಿನೈದು ದಿನ ಆಯ್ತಲ್ಲ ನಟ್ಟು. ಅದು ಯಾವತ್ತೋ ಸಮುದ್ರ ಸೇರಿರುತ್ತೆ."

ಅಜ್ಜಿ ಮುಂದೆ ಬಂದು ಮಗುವಿನ ತಲೆ ಸವರಿದಳು. ಏನಾಗಿದೆ ಎಂದು ಅವಳಿಗೂ ಮಾತು ಮಾತಿನಲ್ಲಿ ತಿಳಿದಿತ್ತು. "ಸಮುದ್ರ ಯಾಕೆ ಪುಟ್ಟಿ? ಆ ವಾಸನೆ ನೇರ ಆಕಾಶಕ್ಕೆ ಹೋಗಿ ಅಮ್ಮನ ಹತ್ರ ಸೇರಿದೆ. ನೀನು ನಮ್ಮನೆಗೆ ಬಾ, ಅಲ್ಲಿ ಗಾಳಿ ಬೀಸಿದಾಗೆಲ್ಲ ಬರುತ್ತೆ ನೋಡು."

ಮಗು ಅಜ್ಜಿಯನ್ನು ನೋಡಿತು. ಆಮೇಲೆ ತಿರುಗಿ ಇಸ್ತ್ರಿಯಕ್ಕನನ್ನು ನೋಡಿತು.

"ಹೌದಾ? ನಿಜವಾಗ್ಲೂನಾ?"

"ನಿಮ್ಮಮ್ಮ ದೇವರ ಹತ್ರ ಇದಾಳೆ. ಅದನ್ನ ನಾನು ನಂಬ್ತೀನಿ, ನನ್ನ ಪ್ರಾಣದಷ್ಟು ನಂಬ್ತೀನಿ. ಆದ್ರೆ ಆ ವಾಸನೆ ಹೋಯ್ತು ನಟ್ಟು. ನಾನೇ ತೆಗೆದ್ಬಿಟ್ಟೆ. ಅದು ತಿರುಗಿ ಬರಲ್ಲ."

ಆಗ ಮಗು ಅತ್ತಿತು. ತಾಯಿ ಸತ್ತ ಮೇಲೆ ಅದು ಅತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಎರಡು ವರ್ಷದ್ದು ಒಟ್ಟಿಗೆ ಬಂತು. ಓಡಿ ಬಂದು ಇಸ್ತ್ರಿಯಕ್ಕನ ಹೊಟ್ಟೆಗೆ ಎರಡೂ ಮುಷ್ಟಿಯಲ್ಲಿ ಗುದ್ದಿತು, ಗುದ್ದುತ್ತಲೇ ಇತ್ತು. ನಲ್ಲಿಯವನು ಬಿಡಿಸಲು ಬಂದ. ಅವಳು ಕೈಯಾಡಿಸಿ ಬೇಡವೆಂದಳು. ಒರೆಸಲು ಏನೂ ಇರಲಿಲ್ಲ, ಒಗೆಯಲು ಏನೂ ಇರಲಿಲ್ಲ, ಮಡಿಸಿಡಲು ಏನೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಇಳಿಬಿಟ್ಟು ನಿಂತಳು. ಹೀಗೆ ನಿಂತವಳನ್ನು ಎಲ್ಲಿ ನೋಡಿದ್ದೇನೆ ಎಂದು ಅನಿಸಿತು. ಹನ್ನೆರಡನೆಯ ಚಿತ್ರ ಕಣ್ಣ ಮುಂದೆ ಬಂತು. ತಾಯೀ, ನಿನ್ನ ಮೇಲೆ ಇಷ್ಟು ವರ್ಷ ಸಿಟ್ಟು ಮಾಡಿದೆನಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಓಡಿಹೋಗದೆ ನಿಲ್ಲುವುದು ಎಷ್ಟು ಕಷ್ಟದ ಕೆಲಸವೆಂದು ಅವಳಿಗೆ ಈಗ ಗೊತ್ತಾಗುತ್ತಿತ್ತು.

ಗುದ್ದು ನಿಧಾನವಾಯಿತು. ಬಿಕ್ಕುತ್ತ ಮಗು ಅವಳ ಏಪ್ರನ್ನಿನ ಜೇಬು ಹಿಡಿದುಕೊಂಡು ನಿಂತಿತು. ಮೂಗು ಏಪ್ರನ್ನಿಗೇ ಒರೆಸಿತು.

ಮನೆಗೆ ಬಂದಾಗ ಎರಡು ಗಂಟೆ ದಾಟಿತ್ತು. ನಟ್ಟು ತಟ್ಟೆಯ ಮುಂದೆ ಕೂತು ಹಾಕಿದ್ದೆಲ್ಲ ತಿಂದು ಇನ್ನಷ್ಟು ಹಾಕಿಸಿಕೊಂಡಳು. ಅಜ್ಜಿ ಅವಳು ತಿನ್ನುವುದನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಒಳಕೋಣೆಗೆ ಹೋದಳು. ಬಹಳ ಹೊತ್ತು ಬಾರದಿದ್ದಾಗ ಇಸ್ತ್ರಿಯಕ್ಕ ಇಣುಕಿ ನೋಡಿದಳು. ಮುದುಕಿ ಮಂಚದ ಮೇಲೆ ಕೂತು ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡಿದ್ದಳು.

"ನನಗೂ ಆ ವಾಸನೆ ಒಂದ್ಸಲ ಸಿಗ್ಲಿಲ್ವಲ್ಲೇ," ಎಂದಳು, ತಲೆ ಎತ್ತದೆ. "ನಾನೂ ಅವಳನ್ನ ಹೆತ್ತಿದ್ದೆ. ಇದು ಇಲ್ಲಿದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ."

ಇಸ್ತ್ರಿಯಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ಮಗುವಿನದು ಮಾತ್ರ ತೊಳೆದೆ ಎಂದುಕೊಂಡಿದ್ದಳು. ಇಬ್ಬರದು ತೊಳೆದಿದ್ದಳು. ಅದಕ್ಕೂ ತಪ್ಪಾಯಿತೆಂದಳು. ಅಜ್ಜಿ ಕ್ಷಮಿಸಿದೆ ಎನ್ನಲಿಲ್ಲ.

ಹೊರಡುವಾಗ ಮಗುವಿನ ಪೆಟ್ಟಿಗೆಯನ್ನು ಅಜ್ಜಿ ಕಾಲಿನಲ್ಲಿ ಬದಿಗೆ ಸರಿಸಿದಳು. "ಇನ್ನೊಂದು ಆರು ತಿಂಗಳು ನೋಡ್ತೀನಿ," ಎಂದಳು. ಮೆಟ್ಟಿಲು ಇಳಿದು ಮತ್ತೆ ತಿರುಗಿ, "ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೇ ಹೇಳ್ತೀಯಲ್ಲ, ಮೈ ಉರಿಯುತ್ತೆ ನನಗೆ. ಆದ್ರೂ ಹಾಗೇ ಹೇಳು," ಎಂದು ಹೋದಳು.

ಆ ಆರು ತಿಂಗಳು ಕಳೆದು ಇನ್ನೆಷ್ಟೋ ಆರು ತಿಂಗಳು ಕಳೆದವು. ಎಲ್ಲ ಸರಿಹೋಯಿತು ಎಂದರೆ ಅದು ಸುಳ್ಳಾಗುತ್ತದೆ. ನಟ್ಟು ಅವಳನ್ನು ಅಮ್ಮ ಎಂದು ಕರೆಯಲಿಲ್ಲ. ಕೆಲವು ದಿನ ಸ್ವೆಟರು ತೊಡೆಯ ಮೇಲಿಟ್ಟುಕೊಂಡು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ಇಸ್ತ್ರಿಯಕ್ಕ ಪಕ್ಕದ ಕೋಣೆಯಲ್ಲಿ ಕೆಲಸವಿಲ್ಲದೆ ಕೂತಿರುವುದನ್ನು ಕಲಿತಳು. ಮಗುವಿನ ಯಾವ ಬಟ್ಟೆ ಮುಟ್ಟುವ ಮುಂಚೆಯೂ ಕೇಳುತ್ತಿದ್ದಳು, ಕೇಳಿ ಕೇಳಿ ಹುಡುಗಿಗೇ ಬೇಜಾರು ಬಂದು, "ಸಾಕ್ಸಿಗೂ ಕೇಳ್ಬೇಕಾ?" ಎನ್ನುತ್ತಿದ್ದಳು. ಕೇಳುವುದನ್ನು ಅವಳು ಬಿಡಲಿಲ್ಲ.

ನಟ್ಟುವಿಗೆ ಹದಿಮೂರು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅವಳು ಮಡಚಿದ ಹಾಸಿಗೆಯ ಹೊದಿಕೆಯನ್ನು ಎದೆಗೆ ಅವುಚಿಕೊಂಡು ಒಗೆಯುವ ಕೋಣೆಯ ಬಾಗಿಲಿಗೆ ಬಂದಳು. ಮುಖ ಬಿಳುಚಿತ್ತು. ಇಸ್ತ್ರಿಯಕ್ಕ ಕೈ ನೀಡಿದಳು, ಆಮೇಲೆ ನೆನಪಾಗಿ ಹಿಂದೆಗೆದುಕೊಂಡಳು.

"ನಾನು ಒಗೀಲಾ?"

ಹುಡುಗಿ ತಲೆಯಾಡಿಸಿ ಬೇಡವೆಂದಳು. ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟು, ಬೆರಳು ಅದ್ದಿ ನೋಡಿದಳು.

"ರಕ್ತಕ್ಕೆ ತಣ್ಣೀರಲ್ವಾ?"

"ತಣ್ಣೀರೇ."

"ನಾನೇ ಒಗೀತೀನಿ. ನೀನು ಎಲ್ಲೂ ಹೋಗ್ಬೇಡ. ಇಲ್ಲೇ ನಿಂತಿರು."

ಇಸ್ತ್ರಿಯಕ್ಕ ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಗೋಡೆಗೂ ಒರಗದೆ, ಅಲ್ಲೇ ನಿಂತಳು.